ಹರಾಜಾದ ಮಾಲು ಅಂಗಳದಲ್ಲೇ ಉಳಿದರೆ ಮಾರಬಹುದೇ?

ಶಿರಸಿ, ಸಿದ್ದಾಪುರದ ಕಡೆ ಹಳೆಮನೆ ಕೆಡವಿದವರೆಲ್ಲ ನಮ್ಮನ್ನು ಕೇಳುವುದು ಇದನ್ನೇ: ಕಂಬ, ತೊಲೆ, ಬಾಗಿಲು, ಹಂಚು ಎಲ್ಲ ಹರಾಜು ಹಾಕಿದೆವು, ಹಿಡಿದವರು ಒಯ್ಯಲೇ ಇಲ್ಲ, ಮಳೆಗಾಲ ಬಂತು. ಬೇರೆಯವರಿಗೆ ಕೊಟ್ಟುಬಿಡಬಹುದೇ?

ದುಡ್ಡು ಪೂರ್ತಿ ಬಂದಿದೆಯೇ ಎಂಬುದನ್ನು ಮೊದಲು ನೋಡಿ. ಬಂದಿದ್ದರೆ ಮಾಲು ಅವರದು. ನಿಮ್ಮ ಅಂಗಳದಲ್ಲಿ ಬಿದ್ದಿದೆ ಎಂಬ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಒಯ್ಯಲು ಹೇಳಿ, ಸಾಕಷ್ಟು ಸಮಯ ಕೊಟ್ಟ ಮೇಲೂ ಬಾರದಿದ್ದರೆ ಕಾಯ್ದಿಟ್ಟ ಖರ್ಚು ಮತ್ತು ಆದ ನಷ್ಟ ಕೇಳಬಹುದು. 1930ರ ಸರಕು ಮಾರಾಟ ಕಾಯ್ದೆಯ 44ನೇ ಕಲಂ ಇರುವುದು ಅದಕ್ಕೇ. ಆ ಕಲಂ ಹಿಡಿದು ಮಾರಲು ಬರುವುದಿಲ್ಲ, ವಕೀಲರನ್ನು ಕಾಣಬೇಕು.

ಮುಂಗಡ ಕೊಟ್ಟು ಹೋದವರ ವಿಷಯ ಬೇರೆ. ಬಾಕಿ ಬರುವ ತನಕ ಮಾಲು ತಡೆದಿಡಬಹುದು, 54ನೇ ಕಲಂ ಪ್ರಕಾರ ಮತ್ತೆ ಮಾರಲೂಬಹುದು. ಆದರೆ ಮಾರುತ್ತೇವೆಂದು ಮೊದಲು ನೋಟಿಸು ಕೊಡಿ. ಕೊಡದೆ ಮಾರಿ ಕಡಿಮೆ ಬೆಲೆ ಬಂದರೆ ನಷ್ಟ ಕೇಳುವಂತಿಲ್ಲ. ಹೆಚ್ಚು ಬಂದರೆ ಆ ಲಾಭ ಮೊದಲು ಹಿಡಿದವರಿಗೆ ಸೇರುತ್ತದೆ. ಜನ ಎಡವುವುದು ಇಲ್ಲೇ, ಫೋನಿನಲ್ಲಿ ಹೇಳಿದ್ದೇ ಸಾಕು ಎಂದುಕೊಳ್ಳುತ್ತಾರೆ.

ನೋಟಿಸು ಉದ್ದ ಬೇಡ. “ಇಂಥ ದಿನ ಹರಾಜಿನಲ್ಲಿ ನೀವು ಹಿಡಿದ ಎಂಟು ಹಲಸಿನ ಕಂಬ, ಎರಡು ಬಾಗಿಲುಗಳಿಗೆ ಇಷ್ಟು ಬಾಕಿಯಿದೆ. ಈ ಪತ್ರ ಮುಟ್ಟಿದ 15 ದಿನದೊಳಗೆ ಕೊಟ್ಟು ಒಯ್ಯದಿದ್ದರೆ ಬೇರೆಯವರಿಗೆ ಮಾರಿ, ಕಡಿಮೆ ಬಿದ್ದದ್ದನ್ನು ನಿಮ್ಮಿಂದ ವಸೂಲು ಮಾಡುತ್ತೇವೆ.” ಇಂತಿಷ್ಟೇ ದಿನ ಎಂದು ಕಾಯ್ದೆ ಹೇಳಿಲ್ಲ, ಲಾರಿ ಗೊತ್ತುಮಾಡಲು ಸಾಕಾಗುವಷ್ಟಿರಲಿ. ಮುಟ್ಟಿದ ದಾಖಲೆ ಸಿಗುವ ಹಾಗೆ ಅಂಚೆಯಲ್ಲಿ ಕಳಿಸಿ, ವಾಟ್ಸ್ಯಾಪಿನಲ್ಲೂ ಹಾಕಿ. ಲಕೋಟೆ ತಿರುಗಿ ಬಂದರೆ ಒಡೆಯದೆ ಹಾಗೇ ಇಡಿ.

ಅಷ್ಟರವರೆಗೆ ಮಾಲು ಹಾಳಾಗಲು ಬಿಡಬೇಡಿ, ಮುಂದೆ ಜಗಳ ಹುಟ್ಟುವುದೇ ಅಲ್ಲಿ. ಚಿರೆಕಲ್ಲಿನ ಮೇಲೆ ಮರ ಎತ್ತಿಡಿ. ನೆಲಕ್ಕೆ ತಾಗಿದರೆ ಗೆದ್ದಲು ಹತ್ತುತ್ತದೆ. ಸಾಲುಗಳ ನಡುವೆ ರೀಪು ಕೊಡಿ. ತಾಡಪತ್ರಿ ಮೇಲೆ ಮಾತ್ರ ಹೊದಿಸಿ, ಎರಡೂ ತುದಿ ತೆರೆದಿರಲಿ, ಸುತ್ತ ಬಿಗಿದರೆ ಒಳಗೆ ಬೂಸಲು ಬರುತ್ತದೆ. ಹಂಚು ಮಲಗಿಸಬೇಡಿ, ನಿಲ್ಲಿಸಿ ಜೋಡಿಸಿ. ಇಟ್ಟ ದಿನವೇ ಫೋಟೋ ತೆಗೆಯಿರಿ.

ನೀವು ಮಾರಿದವರಲ್ಲ, ಜಾಗ ಮಾತ್ರ ಕೊಟ್ಟವರು ಎಂದಾದರೆ ಈ ಮರುಮಾರಾಟದ ಹಕ್ಕು ನಿಮಗಿಲ್ಲ. ಮಾರಿದವರಿಗೂ ಕೊಂಡವರಿಗೂ ನೋಟಿಸು ಹೋಗಲಿ.

ಮುಂದಿನ ಹರಾಜಿನ ಷರತ್ತಿನಲ್ಲಿ ಒಯ್ಯುವ ಕಡೇ ದಿನ, ನಂತರದ ದಿನಬಾಡಿಗೆ, ತಪ್ಪಿದರೆ ಮರುಮಾರಾಟದ ಹಕ್ಕು ಇವನ್ನು ಬರೆದು ಸಹಿ ಹಾಕಿಸಿ. ಸಾಗವಾನಿ, ಬೀಟೆ ಇದ್ದರೆ ಸಾಗಾಟದ ಪಾಸಿನ ಬಗ್ಗೆ ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಹರಾಜಿಗೆ ಮೊದಲೇ ವಿಚಾರಿಸಿ. ಕೊಂಡವರು ಬಾರದಿರಲು ಕೆಲವು ಸಲ ಆ ಪಾಸೇ ಕಾರಣ.