ಅಜ್ಜಿಯ ಹಿಮ್ಮಡಿಯ ಹುಣ್ಣು

ಇವತ್ತು ವಿರಾಜಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಕುಳಿತಿದ್ದ ಅಜ್ಜಿಯ ಹಿಮ್ಮಡಿಗೆ ಹಳೆಯ ಸೀರೆಯ ಅಂಚನ್ನು ಹರಿದು ಕಟ್ಟಲಾಗಿತ್ತು. ನರ್ಸ್ ಅದನ್ನು ಬಿಚ್ಚಲು ಹೋದರೆ ಬಟ್ಟೆ ಗಾಯಕ್ಕೆ ಅಂಟಿಕೊಂಡು ಬರಲಿಲ್ಲ. ಉಪ್ಪುನೀರು ಹಾಕಿ ನೆನೆಸಿ ಬಿಡಿಸಿದಾಗ ಕಂಡದ್ದು ಮಲಗಿದಲ್ಲೇ ಮಲಗಿರುವವರಿಗೆ ಆಗುವ ಹುಣ್ಣು.

"ಮನೆಯಲ್ಲಿ ಯಾರೂ ನೋಡಲ್ಲ ಸಿಸ್ಟರ್" ಎಂದು ಕರೆತಂದಿದ್ದ ಪಕ್ಕದ ಮನೆಯಾಕೆ ತಗ್ಗಿದ ದನಿಯಲ್ಲಿ ಹೇಳಿದರು. ಮಾತು ಅಲ್ಲಿಗೇ ನಿಂತಿತು.

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ದೂರು ಕೊಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಎಲ್ಲರನ್ನೂ ಕಟ್ಟಿಹಾಕುತ್ತದೆ. ಹಿರಿಯರಿಗಾಗಿ ಇರುವ 2007ರ ಕಾಯ್ದೆ, ಅವರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಎನ್ನುತ್ತದೆ, ಜೀವನಾಂಶದ ವಿಚಾರಣೆಯನ್ನು ನ್ಯಾಯಮಂಡಳಿ ತಾನಾಗಿಯೇ ಕೈಗೆತ್ತಿಕೊಳ್ಳಬಹುದು ಎನ್ನುತ್ತದೆ. ಆದರೆ ಗಾಯ ಕಂಡವರು ತಿಳಿಸಲೇಬೇಕು ಎನ್ನುವುದಿಲ್ಲ.

ಕಾಫಿ ತೋಟಗಳ ನಡುವೆ ಒಂಟಿ ಮನೆಗಳೇ ಹೆಚ್ಚಿರುವ, ಮಳೆ ಹಿಡಿದರೆ ಕೂಗಿದರೂ ಕೇಳಿಸದ ನಮ್ಮ ಕೊಡಗಿನಲ್ಲಿ, ಅಂಥ ಹುಣ್ಣು ಕಾಣುವುದು ನರ್ಸ್‌ಗೆ, ವೈದ್ಯರಿಗೆ, ಆಶಾ ಕಾರ್ಯಕರ್ತೆಗೆ ಮಾತ್ರ. ತಿಳಿಸುವ ಹೊಣೆ ಅವರಿಗಿರಲೇಬೇಕು, ತಿಳಿಸಿದವರ ಹೆಸರು ಗುಟ್ಟಾಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲ್ಲ ಹುಣ್ಣೂ ಕ್ರೌರ್ಯದ್ದಲ್ಲ, ಕೂಲಿಗೆ ಹೋಗದಿದ್ದರೆ ಒಲೆ ಹೊತ್ತದ ಮನೆಗಳೂ ಇವೆ. ಅಲ್ಲಿಗೆ ಪೊಲೀಸರಿಗಿಂತ ಮೊದಲು ನೆರವು ತಲುಪಬೇಕು.

ಹಿರಿಯರ ಸಹಾಯವಾಣಿ 14567. ಪಕ್ಕದ ಮನೆಯವರೂ ಕರೆ ಮಾಡಬಹುದು.