ಹೆಣಿಗೆಯನ್ನು ಕೇಳುವುದು ಹೇಗೆ ಎನ್ನುವವರಿಗೆ

ಹೆಣಿಗೆಯ ಪಾಡ್‌ಕಾಸ್ಟ್ ಕೇಳುತ್ತೇನೆ ಎಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು: ‘ಅದು ನೋಡಿ ಕಲಿಯುವ ಕೆಲಸವಲ್ಲವೇ? ಕೇಳಿದರೆ ಏನು ಬರುತ್ತದೆ?’ ಮದುವೆಮನೆಯಲ್ಲಿ, ಕಚೇರಿಯ ಊಟದ ಹೊತ್ತಿನಲ್ಲಿ ಇದಕ್ಕೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಹೆಣೆಯುವಾಗ ಕೈಗೆ ನೂಲು, ಕಣ್ಣಿಗೆ ಕಡ್ಡಿ. ಬಿಡುವಾಗಿರುವುದು ಕಿವಿಯೊಂದೇ. ವಿಡಿಯೊ ಹಾಕಿಕೊಂಡರೆ ನೋಟ ಪರದೆಯ ಕಡೆ ಹೋಗುತ್ತದೆ, ಕುಣಿಕೆ ಜಾರುತ್ತದೆ. ಬ್ರೆಂಡಾ ಡೇನ್ ಅವರು 2005ರಲ್ಲಿ ವೇಲ್ಸ್‌ನಿಂದ ‘ಕಾಸ್ಟ್ ಆನ್’ ಎಂಬ ಹೆಣಿಗೆಯ ಪಾಡ್‌ಕಾಸ್ಟ್ ಆರಂಭಿಸಿದಾಗ ಆ ಮಾಧ್ಯಮವೇ ಹೊಸದು. ನೀವು ಅದರ ಹೆಸರು ಕೇಳುವ ಎಷ್ಟೋ ಮೊದಲೇ ಹೆಣೆಯುವವರಿಗೆ ಅದು ಬೇಕಾಗಿತ್ತು. ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ಸುಮ್ಮನಾಗುವುದಿಲ್ಲ.

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲಿನಲ್ಲಿ ಎದುರು ಸೀಟಿನ ಹಿರಿಯರೊಬ್ಬರು, ‘ಏನಮ್ಮ, ಹಾಡು ಕೇಳುತ್ತಿದ್ದೀಯಾ?’ ಎಂದರು. ಆಗ ನನ್ನ ಕಿವಿಯಲ್ಲಿ ಒಬ್ಬಾಕೆ ಕಾಲುಚೀಲದ ಹಿಮ್ಮಡಿ ತಿರುಗಿಸುವ ಬಗೆಯನ್ನು ವಿವರಿಸುತ್ತಿದ್ದಳು. ಸಾಲಿನ ಕೊನೆಯವರೆಗೆ ಹೋಗಬೇಡಿ, ನಡುವೆಯೇ ತಿರುಗಿಸಿ. ಮರಳಿ ಬರುವಾಗ ತಿರುಗಿಸಿದ ಜಾಗದಲ್ಲಿ ಒಂದು ಸಣ್ಣ ಸಂದು ಕಾಣುತ್ತದೆ. ಸಂದಿನ ಆಚೆಯ ಕುಣಿಕೆಯನ್ನೂ ಈಚೆಯದನ್ನೂ ಸೇರಿಸಿ ಒಂದಾಗಿ ಹೆಣೆಯಿರಿ, ಮುಂದಿನದೊಂದನ್ನು ಹೆಣೆದು ಮತ್ತೆ ತಿರುಗಿಸಿ. ಹೀಗೆ ಹೋಗುತ್ತಾ ಹೋಗುತ್ತಾ ಚಪ್ಪಟೆಯಾಗಿದ್ದ ಪಟ್ಟಿ ತಾನಾಗಿ ಗುಂಡಗಾಗಿ, ಹಿಮ್ಮಡಿ ಕೂರುವ ಬಟ್ಟಲಾಗುತ್ತದೆ. ನೋಡದೆ, ಬರೀ ಮಾತಿನಲ್ಲಿ ನನ್ನ ಕೈಯೊಳಗೆ ಅದು ಆಗುತ್ತಿತ್ತು. ಹಾಗೆಂದು ಅವರಿಗೂ ಹೇಳಿದೆ.

ಅವರು ನಕ್ಕು, ‘ಕೇಳಿ ಹೆಣೆಯುವುದುಂಟೇ!’ ಎಂದರು. ಅವರ ಊರು ಭದ್ರಾವತಿ. ಹಾಗಾಗಿ ಮಾತು ಅದೇ ಊರಿನ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಅವರ ಕಡೆ ಹೊರಳಿತು. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ವಿಶ್ವನಾಥ್ ಔಟಾಗದೆ 97 ಹೊಡೆದದ್ದನ್ನು ರೇಡಿಯೊದಲ್ಲಿ ಕೇಳಿದರಂತೆ. ಆಂಡಿ ರಾಬರ್ಟ್ಸ್ ಎಸೆದ ಚೆಂಡನ್ನು ಅವರು ಸ್ಕ್ವೇರ್ ಕಟ್ ಮಾಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ ಎಂದು ಮಣಿಕಟ್ಟು ತಿರುಗಿಸಿ ತೋರಿಸಿದರು. ‘ಅದನ್ನು ಕೇಳಿಯೇ ಕಂಡಿರಲ್ಲ ಸರ್, ಇದೂ ಹಾಗೆಯೇ’ ಎಂದೆ. ‘ಕ್ರಿಕೆಟ್ ಬೇರೆ ಬಿಡಮ್ಮ. ಅದರಲ್ಲಿ ಮಾತನಾಡುವಂಥದ್ದು ಇರುತ್ತದೆ’ ಎಂದರು.

ನನಗೆ ಮೈ ಉರಿಯುವುದು ಇಲ್ಲಿ. ಕೇಳಿ ಕಲಿಯಲಾಗದು ಎನ್ನುವುದು ಮೇಲುಮಾತು. ಒಳಗಿರುವುದು, ಹೆಂಗಸರು ಕೂತು ಮಾಡುವ ಕೆಲಸದಲ್ಲಿ ಒಂದು ಗಂಟೆ ಮಾತನಾಡುವಷ್ಟು ವಿಷಯ ಎಲ್ಲಿಂದ ಬರಬೇಕು ಎಂಬ ಗುಮಾನಿ. ಅದನ್ನು ಗಂಡಸರಷ್ಟೇ ಅಲ್ಲ, ನಮ್ಮ ಅತ್ತೆ-ಚಿಕ್ಕಮ್ಮಂದಿರೂ ಹೇಳುತ್ತಾರೆ.

‘ನಿನ್ನೆ ಏನು ಕೇಳಿದೆ?’ ಎಂದು ಯಾರಾದರೂ ಕೇಳಬಾರದೇ? ಸ್ಕಾಟ್ಲೆಂಡ್‌ನ ಶೆಟ್ಲೆಂಡ್ ದ್ವೀಪಗಳ ಕಥೆ ಹೇಳುತ್ತಿದ್ದೆ. ಅಲ್ಲಿನ ಹೆಂಗಸರು ಕುದುರೆಕೂದಲು ತುಂಬಿ ತೂತು ಹೊಡೆದ ಚರ್ಮದ ದಿಂಬನ್ನು ಸೊಂಟಕ್ಕೆ ಕಟ್ಟಿಕೊಂಡು, ಒಂದು ಕಡ್ಡಿಯ ತುದಿಯನ್ನು ಅದರ ತೂತಿಗೆ ಸಿಕ್ಕಿಸಿ, ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಜೇಡರ ಬಲೆಯಂಥ ಶಾಲು ಹೆಣೆದು ಅಂಗಡಿಗೆ ಒಯ್ದರೆ ವರ್ತಕ ಕೊಡುತ್ತಿದ್ದದ್ದು ಹೆಚ್ಚಾಗಿ ಚಹಾ, ಬಟ್ಟೆ. ಹಣ ಕೇಳಿದರೂ ಸಿಗುವುದು ಅಪರೂಪ. ಮನೆಯಲ್ಲಿ ಹಿಟ್ಟಿಲ್ಲದಿದ್ದರೆ ಆ ಚಹಾವನ್ನೇ ಕೊಟ್ಟು ಹಿಟ್ಟು ತರಬೇಕು. ಈ ಪದ್ಧತಿಯ ಬಗ್ಗೆ ಬ್ರಿಟಿಷ್ ಸರ್ಕಾರ ವಿಚಾರಣೆ ನಡೆಸಿತು. 1872ರ ವರದಿಯಲ್ಲಿ ಹೆಣೆಯುವ ಹೆಂಗಸರ ಹೇಳಿಕೆಗಳೇ ದಾಖಲಾಗಿವೆ. ಇದು ಮಾತನಾಡುವಂಥದ್ದಲ್ಲವೇ?

ಕೈಮಗ್ಗದ ನೇಕಾರರಾದ ಜೋ ಆ್ಯಂಡ್ರೂಸ್ ಅವರ ‘ಹ್ಯಾಪ್ಟಿಕ್ ಆ್ಯಂಡ್ ಹ್ಯೂ’ ಪಾಡ್‌ಕಾಸ್ಟ್ ಕೇಳುವಾಗ, ಒಂದು ಬಟ್ಟೆಯ ಹಿಂದೆ ಎಷ್ಟು ಜನರ ಬದುಕಿದೆ ಎಂಬುದನ್ನು ಆಕೆ ಅವಸರವಿಲ್ಲದೆ ಬಿಡಿಸುವ ರೀತಿಗೆ ನಾನು ಸೋತಿದ್ದೇನೆ. ಆಗೆಲ್ಲ ಇಳಕಲ್ ಸೀರೆ ನೆನಪಾಗುತ್ತದೆ. ಒಡಲಿನ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳ, ಒಂದೊಂದು ಕೊಂಡಿಗೂ ಸೆರಗಿನ ರೇಷ್ಮೆ ಎಳೆಯ ಕೊಂಡಿಯನ್ನು ಸಿಕ್ಕಿಸಿ, ಅಷ್ಟೂ ಜೋಡಿಸಿದ ಮೇಲೆಯೇ ಆ ಸೀರೆಯ ನೇಯ್ಗೆ. ಆ ಜೋಡಣೆಗೆ ಕೂತವರ ಬೆರಳಿಗೆ ಎಳೆ ತುಂಡಾದದ್ದು ಮೊದಲು ತಿಳಿಯುತ್ತದೋ, ಕಣ್ಣಿಗೋ? ಚಳ್ಳಕೆರೆ ಕಡೆಯ ಕಂಬಳಿ ನೇಯುವವರು ಹಾಸಿನ ಎಳೆಗಳಿಗೆ ಹಚ್ಚುವ ಹುಣಸೆ ಬೀಜದ ಅಂಟನ್ನು ಎಷ್ಟು ಗಟ್ಟಿಯಾಗಿ ಕುದಿಸುತ್ತಾರೆ, ಮಳೆಗಾಲದಲ್ಲಿ ಅದು ಒಣಗದಿದ್ದರೆ ಏನು ಮಾಡುತ್ತಾರೆ? ಇವುಗಳಿಗೆ ಉತ್ತರವನ್ನು ಆ ಕೆಲಸ ಮಾಡುವವರ ದನಿಯಲ್ಲೇ, ಕನ್ನಡದಲ್ಲೇ ಕೇಳಬೇಕು ಎಂಬುದು ನನ್ನ ಆಸೆ. ಅವರು ಒಂದು ಗಂಟೆ ಮಾತನಾಡಲಿ, ಎರಡು ಗಂಟೆ ಮಾತನಾಡಲಿ, ನಾನು ಪೂರ್ತಿ ಕೇಳುತ್ತೇನೆ.