ಎಸ್‌ಟಿಐ ಎಂಜಿನ್ ಹೊರಗೆ ಬಂತು: ಕ್ರೇನಿಗಿಂತ ಕ್ಲಚ್ಚಿನದೇ ಕೆಲಸ ಜಾಸ್ತಿ

ನನ್ನ ಸುಬಾರು ಇಂಪ್ರೆಝಾ ಎಸ್‌ಟಿಐ ಕಾರಿನ ರಿಪೇರಿ ಕೆಲಸದಲ್ಲಿ ದೊಡ್ಡ ಹಂತವೊಂದು ಮುಗಿದಿದೆ. ಎಂಜಿನ್ ಈಗ ಸ್ಟ್ಯಾಂಡಿನ ಮೇಲಿದೆ. ಇದು ಇಜೆ257, ಅಂದರೆ 2457 ಸಿಸಿಯ ನಾಲ್ಕು ಸಿಲಿಂಡರಿನ ಟರ್ಬೊ ಬಾಕ್ಸರ್ ಎಂಜಿನ್, ಅಂದರೆ ಸಿಲಿಂಡರುಗಳು ಎರಡೂ ಪಕ್ಕಕ್ಕೆ ಎದುರುಬದುರಾಗಿ ಮಲಗಿರುವಂಥದ್ದು. ಬೋರ್ (ಸಿಲಿಂಡರಿನ ಅಗಲ) 99.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 79 ಮಿ.ಮೀ. ಹಿಂದೆ 6 ಗೇರಿನ ಗೇರ್‌ಬಾಕ್ಸ್. ಗೇರ್‌ಬಾಕ್ಸ್ ಕಾರಿನಲ್ಲೇ ಉಳಿಯಬೇಕು, ಎಂಜಿನ್ ಮಾತ್ರ ಮೇಲಿನಿಂದ ಬರಬೇಕು ಅನ್ನುವುದು ಮೊದಲಿನಿಂದಲೂ ಇದ್ದ ಯೋಜನೆ.

ಬಿಚ್ಚಲು ಕಾರಣ 4ನೇ ಸಿಲಿಂಡರ್. ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ನೋಡುವ ಕಂಪ್ರೆಷನ್ ಪರೀಕ್ಷೆಯಲ್ಲಿ ಮಿಕ್ಕ ಮೂರೂ ಹತ್ತಿರ ಹತ್ತಿರ ಇದ್ದವು. ಇದು ಅವುಗಳ ಅರ್ಧದಷ್ಟೂ ಇರಲಿಲ್ಲ. ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಒತ್ತಡ ಏರಿತು. ಆಮೇಲೆ ಅದೇ ಸಿಲಿಂಡರಿಗೆ ಕಂಪ್ರೆಸರಿನ ಗಾಳಿ ಕೊಟ್ಟು ಆಯಿಲ್ ಮುಚ್ಚಳ ತೆಗೆದರೆ, ಅಲ್ಲಿಂದ ಬುಸ್ ಅಂತ ಗಾಳಿ ಬರುತ್ತಿತ್ತು. ವಾಲ್ವ್ ಸೋರಿದ್ದರೆ ಆ ಸದ್ದು ಇನ್‌ಟೇಕ್ ಕಡೆಯೋ ಸೈಲೆನ್ಸರ್ ಕಡೆಯೋ ಕೇಳಿಸಬೇಕಿತ್ತು. ಆಯಿಲ್ ಕಡೆ ಬಂತು ಅಂದರೆ ಗಾಳಿ ಪಿಸ್ಟನ್ ದಾಟಿ ಕೆಳಗಿಳಿಯುತ್ತಿದೆ ಅಂತಲೇ ಅರ್ಥ. ಈ ಎಂಜಿನ್ನಿನ ಎರಕದ ಪಿಸ್ಟನ್‌ಗಳಲ್ಲಿ, ರಿಂಗುಗಳ ನಡುವಿನ ತೆಳು ಅಂಚು ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಹೊಡೆತಕ್ಕೆ ಬಿರುಕು ಬಿಡುವುದು ಗೊತ್ತಿರುವ ತೊಂದರೆ. ನನ್ನ ಅನುಮಾನವೂ ಅದೇ.

ಬಾಕ್ಸರ್ ಎಂಜಿನ್ನನ್ನು ಕಾರಿನಲ್ಲೇ ಇಟ್ಟುಕೊಂಡು ಈ ರಿಪೇರಿ ಆಗುವುದಿಲ್ಲ. ಎರಡೂ ಹೆಡ್‌ಗಳು ಅಕ್ಕಪಕ್ಕದ ಚಾಸಿಗೆ ಮುಖ ಮಾಡಿ ಕೂತಿರುತ್ತವೆ. ಸ್ಪಾರ್ಕ್ ಪ್ಲಗ್ ಬಿಚ್ಚಲು ಕೈ ತೂರಿಸುವುದೇ ಕಷ್ಟ. ಬ್ಲಾಕ್ ಕೂಡ ನಡುವೆ ಎರಡು ಹೋಳಾಗಿ ತೆರೆಯುವಂಥದ್ದು.

ಮೊದಲ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಪೆಟ್ರೋಲ್ ಪಂಪಿನ ಕನೆಕ್ಟರ್ ಬಿಚ್ಚಿ ಸ್ಟಾರ್ಟ್ ಮಾಡಿದೆ. ಪೈಪಿನಲ್ಲಿದ್ದ ಪೆಟ್ರೋಲ್ ಮುಗಿದು ತಾನಾಗಿ ನಿಂತಿತು, ಒತ್ತಡ ಇಳಿಯಿತು. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾರನ್ನು ಗಟ್ಟಿ ನೆಲದಲ್ಲಿ ಜಾಕ್ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಯಾವತ್ತೂ ಹೋಗಬಾರದು. ತಮ್ಮನ ಜೊತೆ ಸೇರಿ ಬಾನೆಟ್ ಇಳಿಸಿದೆ. ಆಯಿಲ್, ಕೂಲೆಂಟ್ ಖಾಲಿ ಮಾಡಿದ್ದಾಯಿತು. ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಅವಕ್ಕೆ ಅದು ವಿಷ. ಹಾಗಾಗಿ ಇಳಿಸಿದ ಕೂಡಲೇ ಮುಚ್ಚಳ ಇರುವ ಕ್ಯಾನಿಗೆ ಸುರಿದೆ.

ಎಂಜಿನ್ ಎತ್ತುವ ಮೊದಲೇ ಕ್ರ್ಯಾಂಕ್ ಪುಲ್ಲಿಯ 22 ಮಿ.ಮೀ. ಬೋಲ್ಟನ್ನು ಸಡಿಲ ಮಾಡಿಟ್ಟೆ. ಕಾರು ಗೇರಿನಲ್ಲಿದ್ದು ತಮ್ಮ ಬ್ರೇಕ್ ಒತ್ತಿ ಹಿಡಿದರೆ ಕ್ರ್ಯಾಂಕ್ ತಿರುಗುವುದಿಲ್ಲ, ಉದ್ದ ಹಿಡಿಯ ಪಾನಾ ಹಾಕಿ ಒಂದು ಎಳೆತ ಕೊಟ್ಟರೆ ಸಾಕು. ಎಂಜಿನ್ ಸ್ಟ್ಯಾಂಡಿಗೆ ಹೋದ ಮೇಲೆ ಅದೇ ಬೋಲ್ಟಿಗೆ ಎರಡು ಪಟ್ಟು ಒದ್ದಾಟ.

ಮೇಲಿನ ಭಾಗದಲ್ಲಿ, ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮೊದಲು ಬಂತು. ಅದರ ಒಳಗೆ ಆಯಿಲ್ ಜಿಡ್ಡು ಚೆನ್ನಾಗಿಯೇ ಇತ್ತು. ಪಿಸ್ಟನ್ ದಾಟಿ ಬಂದ ಗಾಳಿ ಬ್ರೀದರ್ ಪೈಪಿನ ಮೂಲಕ ಆಯಿಲ್ ಹೊತ್ತು ತಂದಿದೆ. ಆಮೇಲೆ ರೇಡಿಯೇಟರ್, ಫ್ಯಾನುಗಳು, ಹೀಟರಿನ ಹೋಸ್‌ಗಳು, ಪೆಟ್ರೋಲ್ ಹೋಸ್‌ಗಳು. ರೇಡಿಯೇಟರ್ ತೆಗೆದರೆ ಎಂಜಿನ್ ಮುಂದಕ್ಕೆ ಸರಿಯಲು ಒಳ್ಳೆ ಜಾಗ ಸಿಗುತ್ತದೆ. ಪವರ್ ಸ್ಟೀರಿಂಗ್ ಪಂಪ್, ಎಸಿ ಕಂಪ್ರೆಸರ್ ಎರಡನ್ನೂ ಪೈಪ್ ಬಿಚ್ಚದೆ, ಬೋಲ್ಟ್ ಮಾತ್ರ ತೆಗೆದು ಪಕ್ಕಕ್ಕೆ ಕಟ್ಟಿಟ್ಟೆ. ಎಸಿ ಪೈಪ್ ಬಿಚ್ಚಿ ಗ್ಯಾಸನ್ನು ಗಾಳಿಗೆ ಬಿಡುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಎಸಿಯ ಆರ್134ಎ ಗ್ಯಾಸು ಕಾರ್ಬನ್ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಅದನ್ನು ಬಿಚ್ಚುವ ಅಗತ್ಯವೇ ಇಲ್ಲದಿರುವಾಗ ಸುಮ್ನೆ ಯಾಕೆ?

ಟರ್ಬೊದಿಂದ ಕೆಳಗಿಳಿಯುವ ಡೌನ್‌ಪೈಪಿನ ನಟ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ. ಕಾದು ತಣಿದು ಕಚ್ಚಿಕೊಂಡ ನಟ್ಟನ್ನು ಒಂದೇ ಸಲಕ್ಕೆ ಎಳೆದರೆ ಸ್ಟಡ್ ಮುರಿಯುತ್ತದೆ. ಸ್ವಲ್ಪ ಬಿಚ್ಚುವುದು, ಸ್ವಲ್ಪ ಮತ್ತೆ ಬಿಗಿ ಮಾಡುವುದು, ಎಣ್ಣೆ ಹಾಕುವುದು, ಮತ್ತೆ ಬಿಚ್ಚುವುದು. ಹೀಗೆ ತಾಳ್ಮೆಯಿಂದ ಮಾಡಿದ್ದಕ್ಕೆ ಎಲ್ಲವೂ ಮುರಿಯದೆ ಬಂದವು.

ಬಿಚ್ಚಿದ ಪ್ರತಿ ಬೋಲ್ಟಿಗೂ ಹೆಸರು ಬರೆದ ಪ್ಲಾಸ್ಟಿಕ್ ಕವರ್. ಪ್ರತಿ ಕನೆಕ್ಟರಿನ ಎರಡೂ ತುದಿಗೆ ಒಂದೇ ನಂಬರಿನ ಟೇಪ್. ಬಿಚ್ಚುವ ಮೊದಲು ಫೋಟೊ. ಜೋಡಿಸುವ ದಿನ ಬರುವ ಹೊತ್ತಿಗೆ ಯಾವುದು ಎಲ್ಲಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ, ಅಲ್ವಾ?

ಈಗ ಮುಖ್ಯ ವಿಷಯ, ಕ್ಲಚ್. ಈ ಎಂಜಿನ್ ಎತ್ತುವವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಸಾಮಾನ್ಯ ಕಾರುಗಳಲ್ಲಿ ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್, ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಬರೀ ಒತ್ತುತ್ತದೆ. ಎಂಜಿನ್ ಮುಂದೆ ಹೋದರೆ ಅದು ಬಿಟ್ಟುಕೊಳ್ಳುತ್ತದೆ. ಈ ಕಾರಿನದು ಎಳೆಯುವ ಕ್ಲಚ್. ಬೇರಿಂಗ್ ಪ್ರೆಷರ್ ಪ್ಲೇಟಿಗೇ ಕಚ್ಚಿಕೊಂಡಿರುತ್ತದೆ. ಗೇರ್‌ಬಾಕ್ಸ್ ಕಡೆಯ ಫೋರ್ಕ್ (ಕವೆಯಂಥ ಸನ್ನೆ) ಆ ಬೇರಿಂಗಿನ ಕಿವಿಗಳನ್ನು ಹಿಂದಿನಿಂದ ಹಿಡಿದಿರುತ್ತದೆ. ಎಲ್ಲ ಬೋಲ್ಟ್ ಬಿಚ್ಚಿದರೂ ಎಂಜಿನ್ ಸ್ವಲ್ಪ ಸರಿದು ಅಲ್ಲಿಗೇ ನಿಲ್ಲುತ್ತದೆ. ಆಗ ಕ್ರೇನಿನಿಂದ ಜಗ್ಗಿದರೆ ಫೋರ್ಕೋ ಬೇರಿಂಗೋ ಹಾಳಾಗುತ್ತದೆ.

ಮೊದಲು ಗೇರ್‌ಬಾಕ್ಸ್ ಮೇಲಿನ ಕ್ಲಚ್ ಸಿಲಿಂಡರನ್ನು ಹೋಸ್ ಬಿಚ್ಚದೆ ಪಕ್ಕಕ್ಕೆ ಕಟ್ಟಿದೆ. ಇನ್ನು ಮೇಲೆ ಪೆಡಲ್ ಒತ್ತುವ ಹಾಗಿಲ್ಲ, ಒತ್ತಿದರೆ ಅದರ ಪಿಸ್ಟನ್ ಹೊರಗೆ ಹಾರುತ್ತದೆ. ಯಾರೂ ಮರೆತು ಒತ್ತದಿರಲಿ ಅಂತ ಪೆಡಲಿಗೆ ಒಂದು ಚೀಟಿ ಅಂಟಿಸಿದೆ. ಆಮೇಲೆ ಗೇರ್‌ಬಾಕ್ಸ್ ಮುಂಭಾಗದ ಪಕ್ಕದಲ್ಲಿರುವ ಪ್ಲಗ್ಗನ್ನು 10 ಮಿ.ಮೀ. ಅಲೆನ್ ಕೀಯಿಂದ ತೆಗೆದೆ. ಅದರ ಹಿಂದೆ ಫೋರ್ಕಿನ ಶಾಫ್ಟ್ ಇದೆ. ಶಾಫ್ಟಿನ ತುದಿಯಲ್ಲಿ 6 ಮಿ.ಮೀ. ಬೋಲ್ಟ್ ಕೂರುವ ಥ್ರೆಡ್ಡಿನ ತೂತು ಇದೆ, ಬೋಲ್ಟ್ ತಿರುಗಿಸಿ ಎಳೆದರೆ ಶಾಫ್ಟ್ ಹೊರಗೆ ಬರಬೇಕು. ಹೇಳುವಾಗ ಸುಲಭ. ಹಳೆ ಗ್ರೀಸು ಒಣಗಿ ನನ್ನದು ಗಟ್ಟಿಯಾಗಿ ಕೂತಿತ್ತು, ಕೈಯಿಂದ ಅಲುಗಲೇ ಇಲ್ಲ. ಉದ್ದ ಬೋಲ್ಟಿಗೆ ದೊಡ್ಡ ಸಾಕೆಟ್ ಒಂದನ್ನು ತೊಡಿಸಿ, ಮೇಲೆ ವಾಷರ್ ಹಾಕಿ ನಟ್ಟು ಬಿಗಿ ಮಾಡುತ್ತಾ ಹೋದೆ. ನಟ್ಟು ತಿರುಗಿದಷ್ಟೂ ಶಾಫ್ಟ್ ಸಾಕೆಟ್ ಒಳಕ್ಕೆ ಬಂತು. ಬಡಿಯುವುದಕ್ಕಿಂತ ಈ ದಾರಿ ಎಷ್ಟೋ ಮೇಲು, ಯಾವುದಕ್ಕೂ ಪೆಟ್ಟಾಗುವುದಿಲ್ಲ. ಶಾಫ್ಟ್ ಬಂದ ಮೇಲೆ ಮೇಲಿನ ಕಿಂಡಿಯಿಂದ ಫೋರ್ಕನ್ನು ಎತ್ತಿ, ಬೇರಿಂಗಿನ ಕಿವಿಗಳಿಂದ ಬಿಡಿಸಿ, ಒಳಗೆ ಬೀಳದ ಹಾಗೆ ತಂತಿಯಲ್ಲಿ ಕಟ್ಟಿದೆ.

ಎಂಜಿನ್ ಹಿಂದೆ ಮುಂದೆ ತೊನೆಯದಂತೆ ಹಿಡಿಯುವ ಪಿಚಿಂಗ್ ಸ್ಟಾಪರ್ ರಾಡ್, ಸ್ಟಾರ್ಟರ್, ಗೇರ್‌ಬಾಕ್ಸ್ ಸೇರುವಲ್ಲಿನ ಮೇಲಿನ ಬೋಲ್ಟುಗಳು, ಕೆಳಗಿನ ನಟ್ಟುಗಳು, ಎಂಜಿನ್ ಕೂರುವ ಅಡ್ಡ ತೊಲೆ ಕ್ರಾಸ್‌ಮೆಂಬರಿನ ಅಡಿಯಲ್ಲಿ ಎರಡು ಮೌಂಟಿಂಗ್ ನಟ್ಟು. ಇವು ಬಂದ ಮೇಲೆ ಕ್ರೇನ್ ತಂದೆ.

ಕ್ರೇನ್ ಬಗ್ಗೆ ಒಂದು ಮಾತು. ಎರಡು ಟನ್ನಿನ ಕ್ರೇನ್ ಅಂದರೆ ತೋಳು ಪೂರ್ತಿ ಒಳಗಿದ್ದಾಗ ಮಾತ್ರ ಅಷ್ಟು. ಪೂರ್ತಿ ಚಾಚಿದಾಗ ಸಾಮಾನ್ಯವಾಗಿ ಅರ್ಧ ಟನ್ನಿಗೆ ಇಳಿಯುತ್ತದೆ. ತೋಳಿನ ಮೇಲೆ ಬರೆದಿರುತ್ತದೆ, ಓದಿಕೊಳ್ಳಿ. ಈ ಎಂಜಿನ್ನಿಗೆ ಅಷ್ಟೂ ಧಾರಾಳ.

ಮೌಂಟಿಂಗಿನ ಸ್ಟಡ್‌ಗಳು ಕ್ರಾಸ್‌ಮೆಂಬರಿನ ತೂತಿನಿಂದ ಮೇಲೆ ಬರುವ ತನಕ ಎಂಜಿನ್ನನ್ನು ನೇರ ಎತ್ತಬೇಕು. ಗೇರ್‌ಬಾಕ್ಸ್ ಇನ್ನೂ ಅಂಟಿಕೊಂಡಿರುವುದರಿಂದ ಅದರ ಅಡಿಗೆ ಮರದ ತುಂಡಿಟ್ಟು ಇನ್ನೊಂದು ಜಾಕ್ ಕೊಟ್ಟು, ಎರಡನ್ನೂ ಜೊತೆಯಾಗಿ ಏರಿಸಿದೆವು.

ಬಿಡಿಸುವಾಗ ಇನ್ನೊಂದು ತಡೆ ಬಂತು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಜೋಡಣೆ ನೇರವಾಗಿ ಕೂರಿಸುವ ಡೋವೆಲ್ ಪಿನ್ನುಗಳು ಅಲ್ಯೂಮಿನಿಯಂ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು ಕಾದೆ. ಆಮೇಲೆ ಎಂಜಿನ್ನನ್ನು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಾ ಇದ್ದಾಗ ಕೂದಲಷ್ಟು ಸಂದಿ ಬಿಟ್ಟಿತು.

"ಅಣ್ಣ, ಕೆಳಗೆ ಸಂದಿ ಜಾಸ್ತಿ ಕಾಣ್ತಿದೆ, ಮೇಲೆ ಇಲ್ಲ."

"ಹಾಗಾದ್ರೆ ಗೇರ್‌ಬಾಕ್ಸ್ ಜಾಕ್ ಒಂದು ಚೂರು ಏರಿಸು. ನಿಧಾನ."

ಆ ಸಂದಿ ಸುತ್ತಲೂ ಒಂದೇ ಸಮ ಇರುವುದು ಬಹಳ ಮುಖ್ಯ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳ ಒಳಗೆ ತೂರಿರುತ್ತದೆ. ಎಂಜಿನ್ನಿನ ಭಾರ ಅದರ ಮೇಲೆ ಬಿದ್ದರೆ ಕ್ಲಚ್ ಪ್ಲೇಟ್ ಬಾಗುತ್ತದೆ. ತಮ್ಮ ಟಾರ್ಚ್ ಹಿಡಿದು ಸಂದಿ ನೋಡುತ್ತಾ ಹೇಳಿದ, ನಾನು ಏರಿಸುತ್ತಾ ಇಳಿಸುತ್ತಾ ಹೋದೆ. ಶಾಫ್ಟ್ ಪೂರ್ತಿ ಹೊರಗೆ ಬಂದದ್ದು ಖಾತ್ರಿಯಾದ ಮೇಲೆಯೇ ಎತ್ತಿದ್ದು. ಎತ್ತುವಾಗ ಪ್ರತಿ ಗೇಣಿಗೂ ನಿಂತು ಸುತ್ತಲೂ ನೋಡಿದೆವು. ಒಂದು ಅರ್ಥಿಂಗ್ ವೈರ್ ಬ್ಲಾಕಿನ ಹಿಂದೆ ಉಳಿದಿತ್ತು. ನಿಂತು ನೋಡಿದ್ದರಿಂದ ಅದು ಎಳೆದುಕೊಳ್ಳುವ ಮೊದಲೇ ಕಣ್ಣಿಗೆ ಬಿತ್ತು. ಎಂಜಿನ್ ಬಾರದಿದ್ದರೆ ಎಲ್ಲೋ ಏನೋ ಹಿಡಿದಿದೆ ಅಂತಲೇ ಅರ್ಥ. ಕ್ರೇನಿನ ಹಿಡಿಗೆ ಇನ್ನೊಂದು ಪಂಪ್ ಕೊಡುವ ಮೊದಲು ಹುಡುಕಬೇಕು.

ಸ್ಟ್ಯಾಂಡಿನ ಕೈಗಳು ಎಂಜಿನ್ನಿನ ಹಿಂಭಾಗಕ್ಕೆ ಬೋಲ್ಟಾಗುವುದರಿಂದ ಕ್ಲಚ್, ಫ್ಲೈವೀಲ್ ಎರಡನ್ನೂ ಕ್ರೇನಿನಲ್ಲಿ ತೂಗುತ್ತಿರುವಾಗಲೇ ಬಿಚ್ಚಬೇಕಾಯಿತು. ಆ ಹೊತ್ತಿನಲ್ಲಿ ಎಂಜಿನ್ನನ್ನು ನೆಲಕ್ಕೆ ಸಮೀಪ ಇಳಿಸಿ, ಅಡಿಗೆ ಮರದ ದಿಮ್ಮಿ ಕೊಟ್ಟಿದ್ದೆ. ಕ್ಲಚ್ ಪ್ಲೇಟ್ ಇನ್ನೂ ಚೆನ್ನಾಗಿದೆ. ಆದರೂ ಇಷ್ಟು ಬಿಚ್ಚಿದ ಮೇಲೆ ರಿಲೀಸ್ ಬೇರಿಂಗ್ ಮಾತ್ರ ಹೊಸದೇ ಹಾಕುತ್ತೇನೆ. ಫೋರ್ಕಿನ ಶಾಫ್ಟಿಗೆ ಉಜ್ಜಿ ಹೊಸ ಗ್ರೀಸು ಹಚ್ಚಿಯೂ ಆಯಿತು.

ಮುಂದಿನದು ಟೈಮಿಂಗ್ ಬೆಲ್ಟ್, ಹೆಡ್‌ಗಳು, ಆಮೇಲೆ ಬ್ಲಾಕ್. ಬ್ಲಾಕ್ ಹೋಳು ಮಾಡುವ ಮೊದಲು ಅದರ ಗೋಡೆಯಲ್ಲಿರುವ ಸಣ್ಣ ಪ್ಲಗ್‌ಗಳನ್ನು ತೆಗೆದು, ಆ ತೂತಿನಿಂದಲೇ ಪಿಸ್ಟನ್ ಪಿನ್ನುಗಳನ್ನು ಎಳೆಯಬೇಕು. ಪಿನ್ ಎಳೆಯುವ ಉಪಕರಣ ಸಿದ್ಧ ಮಾಡಿಕೊಳ್ಳುತ್ತಿದ್ದೇನೆ. ಮೊದಲು ತೆಗೆಯುವ ಹೆಡ್ 2 ಮತ್ತು 4ನೇ ಸಿಲಿಂಡರ್ ಇರುವ ಎಡಗಡೆಯದು. ಸಿಲಿಂಡರ್ ಗೋಡೆಯಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ ಸಿಲಿಂಡರನ್ನು ಕೊರೆದು ಅಗಲ ಮಾಡುವ ಬೋರಿಂಗಿಗೆ ಬ್ಲಾಕನ್ನು ಕಳಿಸಿ ಓವರ್‌ಸೈಜ್ ಪಿಸ್ಟನ್ ಹಾಕುತ್ತೇನೆ. ಗೀರಿಲ್ಲದೆ ಅಳತೆಯೂ ಸರಿಯಿದ್ದರೆ ಹೋನಿಂಗ್ (ಗೋಡೆಯನ್ನು ನವಿರಾಗಿ ಉಜ್ಜುವುದು) ಮಾಡಿಸಿ ಇದೇ ಸೈಜಿನ ಫೋರ್ಜ್ಡ್ (ಎರಕದ ಬದಲು ಒತ್ತಿ ರೂಪಿಸಿದ) ಪಿಸ್ಟನ್ ಹಾಕುತ್ತೇನೆ.